‘ಏನು ಹೊಡೀಬೇಕು’ ಅನ್ನುವುದನ್ನು ಬಿಟ್ಟು: ಕ್ಯಾರೆಟ್ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಕ್ಯಾರೆಟ್ ಬೆಳೆಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಮಾಲೂರು, ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ಕ್ಯಾರೆಟ್ ಹಾಕುವ ಎಲ್ಲರಿಗೂ ಈ ಪತ್ರ. ತೋಟಗಾರಿಕೆಯ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ನೌಕರಿಯ ಉದ್ದಕ್ಕೂ ನಿಮ್ಮಲ್ಲಿ ಅನೇಕರು ಕೈಯಲ್ಲೊಂದು ಕವಲೊಡೆದ ಕ್ಯಾರೆಟ್ ಹಿಡಿದು ಬಂದು ಕೇಳಿದ್ದು ಒಂದೇ ಮಾತು: ‘ಸಾರ್, ಇದಕ್ಕೆ ಏನು ಹೊಡೀಬೇಕು?’ ಕೆಲವಕ್ಕೆ ಎರಡು ಕಾಲು ಬಂದಿರುತ್ತಿದ್ದವು, ಕೆಲವು ಗೇಣುದ್ದ ಇಳಿಯುವ ಬದಲು ಅರ್ಧಕ್ಕೇ ಮೊಂಡಾಗಿ ನಿಂತಿರುತ್ತಿದ್ದವು, ಕೆಲವದರ ಮೈತುಂಬ ಗಂಟುಗಂಟಾದ ಎಳೆಬೇರು. ಹೊಡೆಯುವುದೇನು ಅನ್ನುವುದನ್ನು ನಾವೂ ಹೇಳಿದೆವು, ಔಷಧಿ ಅಂಗಡಿಯವರೂ ಹೇಳಿದರು. ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ, ಈ ಪತ್ರ ಅದಕ್ಕಾಗಿ. ಬೇರನ್ನು ಹೀಗೆ ಕೆಡಿಸುವ ಹುಳುವಿಗೆ ಬಗ್ಗದ ಕ್ಯಾರೆಟ್ ಬೀಜ ನಮಗೆ ಯಾಕೆ ಸಿಗುವುದಿಲ್ಲ? ಅಂಥದ್ದು ಎಲ್ಲೂ ಇಲ್ಲವೋ, ಇದ್ದೂ ನಮ್ಮ ತನಕ ಬಂದಿಲ್ಲವೋ?

ಇದೆ. ಬಂದಿಲ್ಲ. ಯಾಕೆ ಬಂದಿಲ್ಲ ಅನ್ನುವುದರಲ್ಲಿ ವಿಜ್ಞಾನಿಗಳ ಪಾಲೆಷ್ಟೋ ಮಂಡಿಯ ಪಾಲೂ ಅಷ್ಟೇ ಇದೆ, ಸ್ವಲ್ಪ ನಿಮ್ಮದೂ ಇದೆ.

ಮೊದಲು ಹುಳುವಿನ ವಿಚಾರ. ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಇದು ‘ಬೇರುಗಂಟು ಜಂತುಹುಳು’, ಅಂಗಡಿಯವರ ಬಾಯಲ್ಲಿ ‘ನೆಮಟೋಡ್’. ಹಿಪ್ಪುನೇರಳೆ ಇಟ್ಟವರಿಗೆ ರೇಷ್ಮೆಯವರು ತೋರಿಸುವ ಗಂಟುಬೇರು ರೋಗದ ಮೂಲವೂ ಇದೇ. ಟೊಮ್ಯಾಟೊ, ಬದನೆ, ಬೆಂಡೆ, ಬೀನ್ಸು, ದಪ್ಪ ಮೆಣಸಿನಕಾಯಿ, ಸೌತೆ, ದಾಳಿಂಬೆ, ಸೀಬೆ, ಹೀಗೆ ನೀವು ಬೆಳೆಯುವುದರಲ್ಲಿ ಇದು ಒಲ್ಲೆ ಅನ್ನುವಂಥದ್ದು ಬಹಳ ಕಡಿಮೆ. ಮಣ್ಣಿನಲ್ಲಿ ಓಡಾಡುವ ಮರಿಯ ಉದ್ದ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ, ಬರಿಗಣ್ಣಿಗೆ ಕಾಣುವುದಿಲ್ಲ. ಅದು ಎಳೆಬೇರಿನ ತುದಿಗೆ ಸ್ವಲ್ಪ ಹಿಂದೆ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ನೀರು, ಆಹಾರ ಸಾಗುವ ನಾಳದ ಪಕ್ಕಕ್ಕೆ ಸರಿದು, ಬಾಯಲ್ಲಿರುವ ಸೂಜಿಯಿಂದ ಐದಾರು ಜೀವಕೋಶಗಳಿಗೆ ತನ್ನ ಜೊಲ್ಲನ್ನು ಚುಚ್ಚುತ್ತದೆ. ಆ ಕೋಶಗಳು ಅಲ್ಲಿಂದಾಚೆಗೆ ಗಿಡದ ಮಾತು ಕೇಳುವುದಿಲ್ಲ. ಊದುತ್ತವೆ, ದೈತ್ಯವಾಗುತ್ತವೆ, ಎಲೆ ಮಾಡಿದ ಆಹಾರವನ್ನೆಲ್ಲ ತಮ್ಮ ಕಡೆಗೆ ಎಳೆಯುತ್ತವೆ. ಮುಂದೆ ಆ ಹುಳು ಮನೆಅಳಿಯನ ಹಾಗೆ ಕೂತ ಜಾಗ ಬಿಟ್ಟು ಏಳುವುದೇ ಇಲ್ಲ. ಹೆಣ್ಣು ಅಲ್ಲೇ ದುಂಡಗಾಗಿ, ಒಂದು ಲೋಳೆಯ ಮುದ್ದೆಯಲ್ಲಿ ಮುನ್ನೂರರಿಂದ ಐನೂರು ಮೊಟ್ಟೆ ಇಡುತ್ತದೆ. ಗಂಡಿನ ಹಂಗೂ ಬೇಕಿಲ್ಲ. ನಮ್ಮ ಬೆಚ್ಚನೆಯ ಮಣ್ಣಿನಲ್ಲಿ ಒಂದು ತಲೆಮಾರು ಮುಗಿಯಲು ಇಪ್ಪತ್ತೈದು ಮೂವತ್ತು ದಿನ ಸಾಕು. ಅಂದರೆ ನಿಮ್ಮ ಮೂರು ತಿಂಗಳ ಕ್ಯಾರೆಟ್ಟಿನಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಉಂಡೇಳುತ್ತಾರೆ.

ಟೊಮ್ಯಾಟೊ ಗಿಡಕ್ಕೆ ಗಂಟು ಬಿದ್ದರೂ ಅಷ್ಟೋ ಇಷ್ಟೋ ಕಾಯಿ ಕೊಡುತ್ತದೆ. ಕಾಯಿಯ ಮೇಲೆ ಹುಳುವಿನ ಗುರುತು ಇರುವುದಿಲ್ಲ, ಮಂಡಿಯವನಿಗೆ ಗೊತ್ತಾಗುವುದಿಲ್ಲ. ಕ್ಯಾರೆಟ್ಟಿನಲ್ಲಿ ಬೇರೇ ಮಾಲು. ಬಿತ್ತಿದ ಮೊದಲ ಮೂರ್ನಾಲ್ಕು ವಾರದಲ್ಲಿ ತಾಯಿಬೇರು ನೆಟ್ಟಗೆ ಕೆಳಗಿಳಿದು ತನ್ನ ಉದ್ದ ಎಷ್ಟು ಅಂತ ತೀರ್ಮಾನ ಮಾಡಿಕೊಳ್ಳುತ್ತದೆ. ದಪ್ಪವಾಗುವುದು ಆಮೇಲೆ. ಆ ವಾರಗಳಲ್ಲಿ ತುದಿಗೆ ಕೆಲವೇ ಹುಳು ಬಾಯಿ ಹಾಕಿದರೂ ಬೇರು ಅಲ್ಲಿಗೇ ನಿಂತು, ಪಕ್ಕದಿಂದ ಇನ್ನೆರಡು ತುದಿ ಹೊರಡುತ್ತವೆ. ಎರಡು ತಿಂಗಳು ಕಳೆದು ಕಿತ್ತಾಗ ನಿಮಗೆ ಕಾಣುವುದು ಮೊದಲ ವಾರಗಳಲ್ಲಿ ಮುಗಿದುಹೋದ ಸಂಗತಿ. ಎಲೆ ಹಳದಿಯಾದದ್ದು ಕಂಡ ಮೇಲೆ ಏನು ಹೊಡೆದರೂ ಕವಲು ಮತ್ತೆ ಕೂಡಿಕೊಳ್ಳುವುದಿಲ್ಲ ಅನ್ನುವುದನ್ನು ದಯವಿಟ್ಟು ಅಂಗಡಿಗೆ ಹೋಗುವ ಮುಂಚೆ ನೆನೆಸಿಕೊಳ್ಳಿ.

ಕವಲೊಡೆದದ್ದೆಲ್ಲ ಹುಳುವಿನ ಕೆಲಸವೂ ಅಲ್ಲ. ಕೆಳಗೆ ಕಲ್ಲಿದ್ದರೆ, ಟ್ರ್ಯಾಕ್ಟರ್ ಓಡಾಡಿ ಮಣ್ಣು ಗಟ್ಟಿಯಾಗಿದ್ದರೆ, ಕಳಿಯದ ಹಸಿ ಗೊಬ್ಬರ ಹಾಕಿದ್ದರೆ ಕೂಡ ಕ್ಯಾರೆಟ್ ಸೀಳುತ್ತದೆ. ಗುರುತು ಹಿಡಿಯುವುದು ಸುಲಭ. ಬಿತ್ತಿ ಐದು ವಾರವಾದಾಗ, ಗಿಡ ಮಂಕಾದ ಕಡೆ ಹತ್ತಿಪ್ಪತ್ತು ಗಿಡವನ್ನು ಕೈಯಲ್ಲಿ ಎಳೆಯದೆ ಕುರ್ಚಿಗೆಯಿಂದ ಮಣ್ಣಿನ ಸಮೇತ ಎಬ್ಬಿಸಿ. ಎಳೆದರೆ ಎಳೆಬೇರು ಮಣ್ಣಿನಲ್ಲೇ ಉಳಿದುಬಿಡುತ್ತದೆ, ಸಾಕ್ಷಿ ಅಲ್ಲೇ ಹೋಯಿತು. ಬಕೆಟ್ ನೀರಿನಲ್ಲಿ ಅಲುಗಿಸಿ ಮಣ್ಣು ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಕೂದಲಿನಂಥ ಬೇರಿನ ಉದ್ದಕ್ಕೂ ರಾಗಿಕಾಳಿಗಿಂತ ಸಣ್ಣ ಊತಗಳು ಕಂಡರೆ ಅದೇ ಹುಳು. ಬೀನ್ಸಿನ ಬೇರಿನಲ್ಲಿರುವ ಒಳ್ಳೆಯ ಗಂಟನ್ನು ಉಗುರಿನಿಂದ ತಳ್ಳಿದರೆ ಉದುರುತ್ತದೆ, ಇದು ಉದುರುವುದಿಲ್ಲ, ಬೇರೇ ಊದಿರುತ್ತದೆ. ಸಣ್ಣದೊಂದು ಭೂತಗನ್ನಡಿ ಇದ್ದು ಗಂಟನ್ನು ಸೂಜಿಯಿಂದ ಬಿಡಿಸಿದರೆ ಒಳಗೆ ಬಿಳಿ ಮುತ್ತಿನಂಥದ್ದು ಹೊಳೆಯುತ್ತದೆ. ಅದು ಹೆಣ್ಣು. ಶಾಲೆಗೆ ಹೋಗುವ ಮಕ್ಕಳ ಕೈಲಿ ಮಾಡಿಸಿ, ಅವರಿಗೆ ಕಣ್ಣು ಚುರುಕು.

ಬಿತ್ತುವ ಮುಂಚೆಯೇ ತಿಳಿಯಬೇಕೆಂದರೆ ಇನ್ನೊಂದು ದಾರಿಯಿದೆ. ಹೊಲದ ಐದಾರು ಕಡೆಯಿಂದ ಒಂದು ಗೇಣು ಆಳದ ಮಣ್ಣನ್ನು ಬೆರೆಸಿ ಕುಂಡಕ್ಕೆ ತುಂಬಿ, ಅದರಲ್ಲಿ ಒಂದೆರಡು ಬೆಂಡೆ ಅಥವಾ ಸೌತೆ ಬೀಜ ಹಾಕಿ. ಐದಾರು ವಾರ ಬಿಟ್ಟು ಕಿತ್ತು ತೊಳೆದರೆ ಗಂಟು ನಿಮಗೇ ಕಾಣುತ್ತದೆ. ಖರ್ಚಿಲ್ಲ, ಕಾಗದವಿಲ್ಲ.

ಈಗ ಔಷಧಿಯ ಮಾತು, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಬಹಳ ವರ್ಷ ಬಿತ್ತನೆ ಸಾಲಿಗೆ ಉದುರಿಸುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ದೇಶದಲ್ಲೇ ನಿಷೇಧ. ಕಾರ್ಬೋಫ್ಯೂರಾನ್ ಮೇಲೂ 2023ರಲ್ಲಿ ಬಿಗಿ ಬಂತು, ಒಂದು ಬಗೆಯ ಹರಳನ್ನು ಬಿಟ್ಟು ಉಳಿದ ರೂಪಗಳು ಹೋದವು. ಹೊಸ ಔಷಧಿಗಳು ಬಂದಿವೆ, ಹಳೆಯವಕ್ಕಿಂತ ಮನುಷ್ಯರಿಗೆ ವಾಸಿ ಅನ್ನುತ್ತಾರೆ, ಬೆಲೆ ಮಾತ್ರ ಸಣ್ಣ ಹಿಡುವಳಿಯವನ ಕೈಗೆಟುಕುವಂಥದ್ದಲ್ಲ. ಮೊದಮೊದಲು ಬಂದ ಜಂತುನಾಶಕಗಳಲ್ಲಿ ಡಿಬಿಸಿಪಿ ಅಂತ ಒಂದಿತ್ತು. ಅದನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯ ಗಂಡಾಳುಗಳಿಗೆ ಮಕ್ಕಳಾಗುತ್ತಿಲ್ಲ ಅನ್ನುವುದು 1977ರಲ್ಲಿ ಬೆಳಕಿಗೆ ಬಂದ ಮೇಲೆ ಅದಕ್ಕೆ ಕುತ್ತು ಬಂತು. ಕ್ಯಾರೆಟ್ ಮಣ್ಣೊಳಗೆ ಬೆಳೆಯುವ ಪದಾರ್ಥ, ಮಣ್ಣಿಗೆ ಹಾಕಿದ್ದಕ್ಕೆ ಅದು ಮೈಯೊಡ್ಡಿಕೊಂಡೇ ಇರುತ್ತದೆ. ಜನ ಅದನ್ನು ಹಸಿಯಾಗಿ ತಿನ್ನುತ್ತಾರೆ. ನಿಮ್ಮ ಮೊಮ್ಮಕ್ಕಳೂ ಹೊಲದಲ್ಲೇ ಕಿತ್ತು, ಪಂಚೆಗೆ ಒರೆಸಿ ತಿನ್ನುತ್ತಾರೆ.

ಬೀಜಕ್ಕೆ ಬರೋಣ. ಗಿಡ ಈ ಹುಳುವನ್ನು ತಡೆಯುವುದು ಅಂದರೆ ಏನು? ಸಿಪ್ಪೆ ಗಟ್ಟಿ ಮಾಡಿಕೊಂಡು ಒಳಗೆ ಬಿಡದಿರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಹಾಗಾಗುವುದಿಲ್ಲ. ಹುಳು ಒಳಗೆ ಬರುತ್ತದೆ, ಸೂಜಿ ಚುಚ್ಚುತ್ತದೆ, ಚುಚ್ಚಿದ್ದು ಗಿಡಕ್ಕೆ ತಕ್ಷಣ ಗೊತ್ತಾಗಿ ಆ ಜಾಗದ ಕೋಶಗಳನ್ನು ತಾನೇ ಸಾಯಿಸಿಬಿಡುತ್ತದೆ. ದೈತ್ಯ ಕೋಶ ಆಗುವುದಿಲ್ಲ, ಊಟ ಸಿಗುವುದಿಲ್ಲ, ಹುಳು ಹೊರಗೂ ಹೋಗಲಾರದೆ ಒಳಗೂ ಬಾಳಲಾರದೆ ಮೊಟ್ಟೆ ಇಡದೆಯೇ ಕೊನೆಯಾಗುತ್ತದೆ. ಟೊಮ್ಯಾಟೊದಲ್ಲಿ ಇದನ್ನು ಸಾಧಿಸಿ ಎಂಬತ್ತು ವರ್ಷ ದಾಟಿತು. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೆರು ದೇಶದ ಒಂದು ಕಾಡು ಟೊಮ್ಯಾಟೊದಿಂದ ಆ ಗುಣವನ್ನು ಸಾಕಿದ ಟೊಮ್ಯಾಟೊಗೆ ತಂದರು. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ‘ಅರ್ಕಾ ವರ್ಧನ್’ ಅಂತ ಬೇರುಗಂಟು ಹುಳುವಿಗೆ ಬಗ್ಗದ ಹೈಬ್ರಿಡ್ ಟೊಮ್ಯಾಟೊ ಕೊಟ್ಟಿದೆ. ಕ್ಯಾರೆಟ್ಟಿನಲ್ಲಿ ಕೆಲಸ ತಡವಾಗಿ ಶುರುವಾಯಿತು, ಶುರುವಾದ ರೀತಿ ಮಾತ್ರ ನಿಮಗೆ ಹಿಡಿಸುವಂಥದ್ದು.

ದಕ್ಷಿಣ ಬ್ರೆಜಿಲಿನ ರೈತರು ತಲೆಮಾರುಗಳಿಂದ ತಾವೇ ಬೀಜ ಮಾಡಿಕೊಂಡು ಬೆಳೆಯುತ್ತಿದ್ದ ಕ್ಯಾರೆಟ್ ತಳಿಗಳಿದ್ದವು. ಯೂರೋಪಿನ ಕ್ಯಾರೆಟ್ಟುಗಳು ಆ ದೇಶದ ಬೇಸಿಗೆಯಲ್ಲಿ ಎಲೆರೋಗ ಬಂದು ಮಲಗಿಬಿಡುತ್ತಿದ್ದರೆ ಈ ಊರ ಬೀಜ ತಡೆದುಕೊಳ್ಳುತ್ತಿತ್ತು. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಎಂಬ್ರಾಪಾದವರು ಅವುಗಳಿಂದ ಆರಿಸಿ ತೆಗೆದು, 1980ರ ದಶಕದ ಆರಂಭದಲ್ಲಿ ‘ಬ್ರೆಸೀಲಿಯಾ’ ಎಂಬ ತಳಿ ಬಿಟ್ಟರು. ಬಿಸಿಲಿಗೂ ಎಲೆರೋಗಕ್ಕೂ ಅಂತ ಮಾಡಿದ ತಳಿಯಲ್ಲಿ ಬೇರುಗಂಟು ಹುಳುವನ್ನು ತಡೆಯುವ ಶಕ್ತಿಯೂ ಇತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕ್ಯಾರೆಟ್ ತಳಿ ಮಾಡುವ ಫಿಲಿಪ್ ಸೈಮನ್, ಕ್ಯಾಲಿಫೋರ್ನಿಯಾದ ಜಂತುಹುಳು ತಜ್ಞ ಫಿಲಿಪ್ ರಾಬರ್ಟ್ಸ್ ಮತ್ತು ಜೊತೆಗಾರರು ಅದನ್ನು ಸಾಮಾನ್ಯ ಕ್ಯಾರೆಟ್ಟಿನ ಜೊತೆ ಕೂಡಿಸಿ, ಮರಿಮಕ್ಕಳನ್ನು ಎಣಿಸಿ, ಈ ಗುಣ ಹೆಚ್ಚುಕಡಿಮೆ ಒಂದೇ ಪ್ರಬಲ ವಂಶವಾಹಿಯಿಂದ ಬರುತ್ತಿದೆ ಅಂತ 2000ದಲ್ಲಿ ತೋರಿಸಿದರು. ಅದಕ್ಕೆ ‘ಎಂಜೆ-1’ ಅಂತ ಹೆಸರು. ಒಂದೇ ವಂಶವಾಹಿ ಅಂದರೆ ತಳಿ ಮಾಡುವವನಿಗೆ ಹಬ್ಬ. ಹತ್ತು ಕಡೆಯಿಂದ ಕೂಡಿಸಬೇಕಾಗಿಲ್ಲ, ಎಲೆಯ ಚೂರನ್ನು ಪ್ರಯೋಗಶಾಲೆಯಲ್ಲಿ ನೋಡಿಯೇ ಗುಣ ಬಂತೋ ಇಲ್ಲವೋ ಹೇಳಬಹುದು.

ಇಷ್ಟಾದರೂ ಒಂದು ತೊಡಕು ಉಳಿದಿದೆ. ಬೇರುಗಂಟು ಹುಳು ಒಂದೇ ಜಾತಿಯಲ್ಲ. ನಮ್ಮ ಕಡೆ ಮುಖ್ಯವಾಗಿ ಕಾಣುವವು ಎರಡು: ಇನ್‌ಕಾಗ್ನಿಟಾ ಒಂದು, ಜವಾನಿಕಾ ಇನ್ನೊಂದು. ಎಂಜೆ-1 ಜವಾನಿಕಾವನ್ನು ಚೆನ್ನಾಗಿ ತಡೆಯುತ್ತದೆ, ಇನ್‌ಕಾಗ್ನಿಟಾದ ಮುಂದೆ ಅದರ ಬಲ ಕಡಿಮೆ. ಎರಡಕ್ಕೂ ಸರಿಸಮ ನಿಲ್ಲುವ ಕ್ಯಾರೆಟ್ಟಿಗೆ ಬೇರೆ ಬೇರೆ ಮೂಲದ ಗುಣಗಳನ್ನು ಒಟ್ಟಿಗೆ ತರಬೇಕು, ಆ ಕೆಲಸ ನಡೆದಿದೆ. ಹಾಗಾಗಿ ನಾಳೆ ಯಾರಾದರೂ ಬಂದು ‘ನೆಮಟೋಡ್ ಫ್ರೀ ಬೀಜ ಸಾರ್’ ಅಂತ ಪ್ಯಾಕೆಟ್ ತೋರಿಸಿದರೆ ನೀವು ಕೇಳಬೇಕಾದದ್ದು, ‘ಯಾವ ಹುಳುವಿಗೆ?’ ಉತ್ತರ ಬರದಿದ್ದರೆ ಪ್ಯಾಕೆಟ್ ವಾಪಸು ಕೊಡಿ. ಅಂದಹಾಗೆ, ಈ ಹುಳು ಕ್ಯಾರೆಟ್ ಬೀಜದ ಮೂಲಕ ಬರುವುದೇ ಇಲ್ಲ. ಮಣ್ಣು, ನೀರು, ಪೈರು, ಸಸಿಗಳಲ್ಲಿ ಬರುತ್ತದೆ. ಬೀಜ ‘ಫ್ರೀ’ ಆಗಿದೆ ಅನ್ನುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ.

ನಿಮ್ಮ ಹೊಲದಲ್ಲಿರುವುದು ಯಾವುದು ಅನ್ನುವುದು ಮಣ್ಣಿನಿಂದಷ್ಟೇ ತಿಳಿಯುವುದು ಕಷ್ಟ, ಗಂಟಿರುವ ಬೇರು ಬೇಕು. ಹೆಣ್ಣುಹುಳುವಿನ ಹಿಂಬದಿಯ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ಹೇಳುತ್ತಾರೆ, ನಮ್ಮ ಹೆಬ್ಬೆಟ್ಟಿನ ಗುರುತು ನೋಡಿದಂತೆಯೇ. ಬೇರನ್ನೂ ಅದರ ಸುತ್ತಲಿನ ಅರ್ಧ ಕೆ.ಜಿ. ಮಣ್ಣನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗಿಸದೆ, ಒಣಗಿಸದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಗೋ ಹೆಸರಘಟ್ಟಕ್ಕೋ ಒಯ್ಯಿರಿ. ಊರಿಗೊಬ್ಬರು ಹೋದರೂ ಸಾಕು.

ಈಗ ಹೆಸರಘಟ್ಟದ ಇನ್ನೊಂದು ತಳಿಯ ಹೆಸರು ಹೇಳುತ್ತೇನೆ, ನಿಮ್ಮಲ್ಲಿ ಕೆಲವರು ಕೇಳಿರಬಹುದು: ‘ಅರ್ಕಾ ಸೂರಜ್’. ಗಾಢ ಕಿತ್ತಳೆ ಬಣ್ಣದ, ನುಣುಪು ಮೈಯ ಕ್ಯಾರೆಟ್. ಬೂದಿರೋಗವನ್ನೂ ಜಂತುಹುಳುವನ್ನೂ ಸಹಿಸಿಕೊಳ್ಳುತ್ತದೆ ಅಂತ ಸಂಸ್ಥೆಯವರು ಹೇಳುತ್ತಾರೆ. ಇದಕ್ಕಿಂತ ದೊಡ್ಡದು ಇನ್ನೊಂದು: ಇದು ನಮ್ಮ ಹವೆಯಲ್ಲೇ ಹೂ ಬಿಟ್ಟು ಬೀಜ ಕಟ್ಟುತ್ತದೆ. ಯೂರೋಪಿನ ಮೂಲದ ಕ್ಯಾರೆಟ್ಟುಗಳಿಗೆ ಹೂ ಬರಬೇಕಾದರೆ ವಾರಗಟ್ಟಲೆ ಚಳಿ ಬೇಕು. ಅದಕ್ಕೇ ಆ ಬೀಜ ಹಿಮಾಲಯದ ಕಡೆಯಿಂದಲೋ ಪರದೇಶದಿಂದಲೋ ಬರಬೇಕು, ಅದಕ್ಕೇ ಬೀಜದ ಡಬ್ಬಿಯ ಬೆಲೆ ಆ ಮಟ್ಟ.

ಸಹಿಸಿಕೊಳ್ಳುವುದಕ್ಕೂ ತಡೆಯುವುದಕ್ಕೂ ಹೊಲದಲ್ಲಿ ಬಹಳ ಅಂತರವಿದೆ, ಇದನ್ನು ನಿಧಾನವಾಗಿ ಓದಿ. ಸಹಿಸುವ ಗಿಡದೊಳಗೆ ಹುಳು ಬರಬಹುದು, ಉಣ್ಣಬಹುದು, ಮೊಟ್ಟೆಯನ್ನೂ ಇಡಬಹುದು. ಗಿಡ ಮಾತ್ರ ಅದನ್ನು ಲೆಕ್ಕಿಸದೆ ನೆಟ್ಟಗಿನ ಗಡ್ಡೆ ಕೊಡುತ್ತದೆ. ನಿಮಗೆ ಈ ಬೆಳೆಯಲ್ಲಿ ದುಡ್ಡಾಯಿತು. ಅದೇ ಹೊಲಕ್ಕೆ ಮುಂದೆ ಟೊಮ್ಯಾಟೊ ಇಟ್ಟಾಗ ಮಣ್ಣಿನಲ್ಲಿ ಹುಳು ಮೊದಲಿನಷ್ಟೇ, ಅಥವಾ ಮೊದಲಿಗಿಂತ ಹೆಚ್ಚು ಇರಬಹುದು. ತಡೆಯುವ ಗಿಡ ಹುಳುವಿನ ಸಂತಾನವನ್ನೇ ಕತ್ತರಿಸುತ್ತದೆ, ಅದರ ಉಪಕಾರ ಮುಂದಿನ ಬೆಳೆಗೂ ಸಿಗುತ್ತದೆ. ಆದ್ದರಿಂದ ತಳಿ ಯಾವುದಿದ್ದರೂ ಗಡ್ಡೆ ನೋಡಿ ಸುಮ್ಮನಾಗಬೇಡಿ, ಕಿತ್ತ ಮೇಲೆ ಎಳೆಬೇರನ್ನೂ ನೋಡಿ. ಗಡ್ಡೆ ಚೆಂದ, ಬೇರು ಗಂಟು ಅಂದರೆ ಅದು ಸಹಿಸುವ ತಳಿ. ಎರಡೂ ಚೊಕ್ಕಟವಾಗಿದ್ದರೆ ಮಾತ್ರ ತಡೆಯುವಂಥದ್ದು.

ಹಾಗಾದರೆ ಅರ್ಕಾ ಸೂರಜ್ ಯಾಕೆ ನಿಮ್ಮ ಹೊಲ ತುಂಬಿಲ್ಲ? ಅದರ ಆಕಾರ ಮೇಲೆ ದಪ್ಪ, ಕೆಳಗೆ ಮೊನಚು. ಮಂಡಿಗೆ ಬೇಕಾದದ್ದು ಮೇಲಿಂದ ಕೆಳಗೆ ಒಂದೇ ದಪ್ಪದ, ತೊಳೆದು ಮೂಟೆ ಕಟ್ಟಿದರೆ ಒಂದರ ಪಕ್ಕ ಒಂದು ಅಂಟಿ ಕೂರುವ ಮಾಲು. ಚೂಪು ತುದಿ ತೊಳೆಯುವ ಮಿಷನ್ನಿನಲ್ಲಿ ಮುರಿಯುತ್ತದೆ ಅಂತ ಒಬ್ಬರು ಅಂದರೆ, ದರ ಹಾಕುವಾಗ ‘ಸೆಕೆಂಡ್ಸ್’ಗೆ ತಳ್ಳುತ್ತಾರೆ ಅಂತ ಇನ್ನೊಬ್ಬರು. ಇದು ಸುಳ್ಳು ದೂರಲ್ಲ, ನಿಮ್ಮ ಹೊಟ್ಟೆಪಾಡು. ಆದರೂ ಲೆಕ್ಕ ಅರ್ಧಕ್ಕೇ ನಿಲ್ಲಿಸುತ್ತೀರಿ ಅನ್ನುವುದು ನನ್ನ ತಕರಾರು. ಈಗ ನೀವು ಹಾಕುವ ಹೈಬ್ರಿಡ್ಡಿನ ಒಂದು ಎಕರೆಯಲ್ಲಿ ಕವಲೊಡೆದು ಬದುವಿನ ಮೇಲೆ ಬಿದ್ದ ಗುಡ್ಡೆಯನ್ನು ಯಾರಾದರೂ ತೂಗಿದ್ದೀರಾ? ದನಕ್ಕೆ ಹಾಕಿದ್ದು, ತಿಪ್ಪೆಗೆ ಎಸೆದದ್ದು ಯಾವ ಖಾತೆಗೂ ಹತ್ತುವುದಿಲ್ಲ, ಡಬ್ಬಿಗೆ ಕೊಟ್ಟ ದುಡ್ಡು ಹತ್ತುತ್ತದೆ. ಮುಂದಿನ ಕೊಯ್ಲಿಗೆ ಆ ಗುಡ್ಡೆಯನ್ನು ಒಂದು ಸಲ ತಕ್ಕಡಿಗೆ ಹಾಕಿಸಿ, ಆಮೇಲೆ ಮೊನಚು ತುದಿಯ ನಷ್ಟವನ್ನು ಪಕ್ಕದಲ್ಲಿಟ್ಟು ನೋಡಿ.

ಒಳ್ಳೆಯ ಗುಣ ಇದ್ದ ಮಾತ್ರಕ್ಕೆ ತಳಿ ಹೊಲ ಸೇರುವುದಿಲ್ಲ ಅನ್ನುವುದಕ್ಕೆ ಪಕ್ಕದ ನೀಲಗಿರಿಯೇ ಸಾಕ್ಷಿ. 1961ರಲ್ಲಿ ಇಂಗ್ಲೆಂಡಿನ ತಜ್ಞ ಎಫ್. ಜಿ. ಡಬ್ಲ್ಯು. ಜೋನ್ಸ್ ಊಟಿಯ ಹತ್ತಿರದ ಆಲೂಗಡ್ಡೆ ಹೊಲದಲ್ಲಿ ಇನ್ನೊಂದು ಬಗೆಯ ಜಂತುಹುಳು ಕಂಡುಹಿಡಿದರು. ಇದರ ಹೆಣ್ಣು ಸತ್ತ ಮೇಲೆ ಅದರ ಚರ್ಮವೇ ಗಟ್ಟಿಯಾದ ಚೀಲವಾಗಿ ಒಳಗೆ ನೂರಾರು ಮೊಟ್ಟೆಗಳನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಅಲ್ಲಿಂದ ಬಿತ್ತನೆ ಗಡ್ಡೆ ಹೊರಗೆ ಸಾಗಿಸುವುದಕ್ಕೆ ಕಟ್ಟುಪಾಡು ಬಂತು. ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1985ರಲ್ಲಿ ಈ ಚೀಲಹುಳುವಿನಲ್ಲಿರುವ ಎರಡೂ ಜಾತಿಯನ್ನು ತಡೆಯುವ ‘ಕುಫ್ರಿ ಸ್ವರ್ಣ’ ಬಿಟ್ಟಿತು. ಗುಣ ಅಪ್ಪಟ. ಹಾಗಿದ್ದೂ ಬೆಟ್ಟದ ರೈತರು ತಮಗೆ ಒಗ್ಗಿದ, ಮಾರುಕಟ್ಟೆಗೆ ಪರಿಚಯವಿದ್ದ ಕುಫ್ರಿ ಜ್ಯೋತಿಯ ಕೈ ಬಿಡಲಿಲ್ಲ. 2018ರಲ್ಲಿ ಹಿಮಾಚಲ, ಉತ್ತರಾಖಂಡ, ಜಮ್ಮು ಕಾಶ್ಮೀರದ ಕಡೆಯಿಂದಲೂ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ಕೇಂದ್ರ ಸರ್ಕಾರ ತಡೆ ಹಾಕಬೇಕಾಯಿತು, ಇದೇ ಹುಳುವಿನ ದೆಸೆಯಿಂದ.

ಇಂಗ್ಲೆಂಡಿನಲ್ಲಿ ಇದೇ ಹುಳುವಿನ ವಿಚಾರದಲ್ಲಿ ಇದಕ್ಕೆ ತಿರುಗುಮುರುಗು ನಡೆಯಿತು. 1939ರಲ್ಲಿ ಒಂದು ತಂಡ ದಕ್ಷಿಣ ಅಮೆರಿಕ ಸುತ್ತಿ ಆಲೂಗಡ್ಡೆಯ ಹಳೆಯ ತಳಿಗಳನ್ನು ಕೂಡಿಹಾಕಿ ತಂದಿತ್ತು. ಆ ಸಂಗ್ರಹದ ಗಡ್ಡೆಗಳನ್ನು ಒಂದೊಂದಾಗಿ ಹುಳುವಿರುವ ಮಣ್ಣಿನಲ್ಲಿಟ್ಟು ಪರೀಕ್ಷಿಸಿದ ಎಲೆನ್‌ಬಿ ಎಂಬವರು, ಕೆಲವು ಗಡ್ಡೆ ಹುಳುವನ್ನು ತಡೆಯುತ್ತವೆ ಅಂತ 1952ರಲ್ಲಿ ಪ್ರಕಟಿಸಿದರು. ಕೇಂಬ್ರಿಜ್‌ನ ತಳಿ ಸಂಸ್ಥೆಯವರು ಆ ಗುಣ ಸೇರಿಸಿ 1960ರ ದಶಕದಲ್ಲಿ ‘ಮ್ಯಾರಿಸ್ ಪೈಪರ್’ ಎಂಬ ಆಲೂಗಡ್ಡೆ ಕೊಟ್ಟರು. ಇದು ಹುಳು ತಡೆಯುತ್ತದೆ ಅಂತಲೇ ಎಲ್ಲರೂ ಬೆಳೆದರು ಅಂದುಕೊಳ್ಳಬೇಡಿ. ಕರಿದರೆ ರುಚಿ, ಅಂಗಡಿಯಲ್ಲಿ ಬೇಡಿಕೆ. ಹುಳು ತಡೆಯುವ ಗುಣ ರುಚಿಯ ಬೆನ್ನೇರಿ ದೇಶವನ್ನೆಲ್ಲ ಸುತ್ತಿತು. ಕ್ಯಾರೆಟ್ಟಿನಲ್ಲೂ ಹೀಗೇ ಆಗಬೇಕು ಅನ್ನುವುದು ನನ್ನ ಆಸೆ. ಬ್ರೆಸೀಲಿಯಾದ ವಂಶವಾಹಿ ನಿಮ್ಮ ಮಂಡಿ ಮೆಚ್ಚುವ ಆಕಾರದೊಳಗೆ ಕೂತು ಬರಬೇಕು.

ಬಂದ ಮೇಲಿನ ಕತೆಯನ್ನೂ ಕೇಳಿಬಿಡಿ. ಮ್ಯಾರಿಸ್ ಪೈಪರ್ ತಡೆಯುತ್ತಿದ್ದದ್ದು ಚೀಲಹುಳುವಿನ ಒಂದು ಜಾತಿಯನ್ನು ಮಾತ್ರ. ಅದೇ ಹೊಲದಲ್ಲಿ ಅಷ್ಟಿಷ್ಟು ಇದ್ದ ಇನ್ನೊಂದು ಜಾತಿ ನೋಡಲು ಹಾಗೇ ಇದ್ದುದರಿಂದ, 1973ರ ತನಕ ಅದಕ್ಕೆ ಬೇರೆ ಹೆಸರೂ ಇರಲಿಲ್ಲ. ಇಂಗ್ಲೆಂಡಿನ ರೈತರು ವರ್ಷಾನುಗಟ್ಟಲೆ ಅದೇ ಗುಣದ ತಳಿಗಳನ್ನು ಬೆಳೆದರು. ಮೊದಲ ಜಾತಿ ಸವೆಯಿತು, ಖಾಲಿಯಾದ ಜಾಗಕ್ಕೆಲ್ಲ ಎರಡನೆಯದು ಬಂದು ತುಂಬಿಕೊಂಡಿತು. ಈಗ ಆ ದೇಶದ ಆಲೂಗಡ್ಡೆಯವರಿಗೆ ದೊಡ್ಡ ತಲೆನೋವು ಅದೇ. ತಳಿ ಸೋತದ್ದಲ್ಲ ಇದು. ಯಾವುದನ್ನು ತಡೆಯಲು ಹುಟ್ಟಿತ್ತೋ ಅದನ್ನು ಇವತ್ತಿಗೂ ಚೆನ್ನಾಗಿಯೇ ತಡೆಯುತ್ತಿದೆ. ಒಂದೇ ಬೀಗಕ್ಕೆ ಊರೆಲ್ಲವನ್ನೂ ಒಪ್ಪಿಸಿದವರು ಬೆಳೆಗಾರರು.

ನಮ್ಮ ಕ್ಯಾರೆಟ್ ಸೀಮೆಯಲ್ಲಿ ಇದು ಇನ್ನೂ ಬೇಗ ಆಗಬಹುದು. ಅಲ್ಲಿ ಹುಳು ವರ್ಷಕ್ಕೆ ಒಂದು ತಲೆಮಾರು, ಇಲ್ಲಿ ತಿಂಗಳಿಗೊಂದು. ಜವಾನಿಕಾ ತಡೆಯುವ ಕ್ಯಾರೆಟ್ಟನ್ನು ಬೋರ್‌ವೆಲ್ ನೀರಿದೆ ಅಂತ ವರ್ಷಕ್ಕೆ ಮೂರು ಸಲ ಅದೇ ಹೊಲಕ್ಕೆ ಹಾಕಿದರೆ ಇನ್‌ಕಾಗ್ನಿಟಾಗೆ ನೀವೇ ಜಾಗ ಬಿಡಿಸಿ ಕೊಟ್ಟ ಹಾಗೆ. ಅದಕ್ಕೇ ಹೊಸ ಬೀಜ ಬರಲಿ ಬಾರದಿರಲಿ, ಈಗಿನಿಂದಲೇ ಬೆಳೆ ಬದಲಿಸುವ ಅಭ್ಯಾಸ ಬೇಕು. ಚೆಂಡುಹೂವು ನಿಮ್ಮ ಜಿಲ್ಲೆಯ ಬೆಳೆಯೇ, ಮಾರುಕಟ್ಟೆಯೂ ಗೊತ್ತು. ಅದರ ಬೇರು ಹುಳುವಿಗೆ ವಿಷ. ಬದುವಿಗೆ ಒಂದು ಸಾಲು ನೆಟ್ಟರೆ ಮಾತ್ರ ಸಾಲದು, ಹೊಲದ ತುಂಬ ನೆಟ್ಟು ಎರಡು ಮೂರು ತಿಂಗಳು ಬೇರು ಜೀವಂತ ಇರಬೇಕು. ಅಪ್ಸೆಣಬು ಹಾಕಿ ಹೂ ಬರುವ ಮುಂಚೆ ಉಳುವುದು, ಬೇಸಿಗೆಯಲ್ಲಿ ಎರಡು ಮೂರು ಸಲ ಉತ್ತು ಮಣ್ಣನ್ನು ಬಿಸಿಲಿಗೆ ಒಡ್ಡುವುದು ನಿಮ್ಮ ಅಜ್ಜಂದಿರಿಗೇ ಗೊತ್ತಿತ್ತು. ಹೆಸರಘಟ್ಟದವರ ಜೈವಿಕ ಶಿಲೀಂಧ್ರವನ್ನು ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ನೆರಳಿನಲ್ಲಿ ಬೆಳೆಸಿ ಬಿತ್ತನೆಗೆ ಮುಂಚೆ ಕೊಡುವುದು ನಿಮ್ಮಲ್ಲಿ ಕೆಲವರಿಗೆ ರೂಢಿಯಾಗಿದೆ, ಬಿಡಬೇಡಿ.

ಗೆಣಸಿನ ಒಂದು ಸಂಗತಿ ಇಲ್ಲಿ ಸೇರಿಸಲೇಬೇಕು. ತಿರುವನಂತಪುರದ ಕೇಂದ್ರ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರ ‘ಶ್ರೀಭದ್ರ’ ಎಂಬ ಸಿಹಿಗೆಣಸು ಬೇರುಗಂಟು ಹುಳುವನ್ನು ತಡೆಯುವುದಷ್ಟೇ ಅಲ್ಲ, ಬೋನಿನ ಕೆಲಸವನ್ನೂ ಮಾಡುತ್ತದೆ. ಮರಿಹುಳುಗಳು ಅದರ ಬೇರಿನೊಳಗೆ ಆಸೆಯಿಂದ ಹೋಗುತ್ತವೆ, ಒಳಗೆ ಬೆಳೆಯಲಾರದೆ ಅಲ್ಲೇ ಮುಗಿಯುತ್ತವೆ. ಮೂರು ತಿಂಗಳ ಬೆಳೆ. ನೆಲವೂ ಶುದ್ಧಿಯಾಯಿತು, ಗೆಣಸೂ ಸಿಕ್ಕಿತು. ಸಂಕ್ರಾಂತಿಗೆ ಸರಿಯಾಗಿ ಬರುವ ಹಾಗೆ ನೆಟ್ಟುಕೊಂಡರೆ ಅವರೆಕಾಯಿ, ಕಡಲೆಕಾಯಿ ಜೊತೆ ಗೆಣಸಿಗೆ ಕೊಳ್ಳುವವರನ್ನು ಹುಡುಕಬೇಕಾಗಿಲ್ಲ.

ಇನ್ನು ತೊಳೆಯುವ ತೊಟ್ಟಿಯ ವಿಚಾರ. ಹತ್ತು ಊರಿನ ಕ್ಯಾರೆಟ್ ಒಂದೇ ಕಡೆ ತೊಳೆಯುತ್ತೀರಿ. ಆ ಕೆಂಪು ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಹೊಲಕ್ಕೆ ಹೋಗುತ್ತದೆ, ತೊಟ್ಟಿಯ ತಳದ ಗೋಡು ‘ಒಳ್ಳೆ ಮಣ್ಣು’ ಅಂತ ಟ್ರ್ಯಾಕ್ಟರಿನಲ್ಲಿ ಇನ್ನೊಬ್ಬರ ಹೊಲಕ್ಕೆ ಏರುತ್ತದೆ. ಹತ್ತು ಊರಿನ ಹುಳುವನ್ನು ಒಂದೇ ಹೊಲಕ್ಕೆ ಸೇರಿಸಲು ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಬೇರೆ ಇಲ್ಲ. ಆ ಗೋಡನ್ನು ಬೇಸಾಯದ ನೆಲಕ್ಕೆ ಹಾಕಲೇಬೇಡಿ. ಗಂಟಿನ ಕ್ಯಾರೆಟ್ಟನ್ನು ತಿಪ್ಪೆಗೂ ಎಸೆಯಬೇಡಿ, ಅದೇ ಗೊಬ್ಬರ ವರ್ಷ ಕಳೆದು ವಾಪಸು ಬರುತ್ತದೆ. ನರ್ಸರಿಯಿಂದ ಟೊಮ್ಯಾಟೊ ಪೈರು, ಸೀಬೆ, ದಾಳಿಂಬೆ ಸಸಿ ತರುವಾಗ ಒಂದನ್ನು ಅಲ್ಲೇ ನಿಂತು ಬೇರು ತೊಳೆಸಿ ನೋಡಿ. ನರ್ಸರಿಯವರು ಮುಖ ಗಂಟಿಕ್ಕಿದರೆ ಇಕ್ಕಲಿ, ಬೇರಿನಲ್ಲಿ ಗಂಟಿರದಿದ್ದರೆ ಸರಿ.

ಕೊನೆಗೆ ನಿಮ್ಮಲ್ಲಿ ನನ್ನ ಕೋರಿಕೆ. ಬೀಜ ಕಂಪನಿಗಳು ವರ್ಷಕ್ಕೊಂದು ಸಲ ಕ್ಷೇತ್ರೋತ್ಸವ ಮಾಡಿ, ಶಾಮಿಯಾನ ಹಾಕಿ, ಊಟ ಹಾಕಿ ನಿಮ್ಮನ್ನು ಕರೆಯುತ್ತವಲ್ಲ, ಅಲ್ಲಿ ಬಣ್ಣ, ಉದ್ದ, ತೂಕ ಕೇಳಿದ ಮೇಲೆ ಬೇರುಗಂಟು ಹುಳುವಿನ ಮಾತನ್ನೂ ಎಲ್ಲರೂ ಎತ್ತಿ. ಅವರ ಗಿಡವನ್ನು ಅವರ ಎದುರೇ ಕುರ್ಚಿಗೆಯಿಂದ ಎಬ್ಬಿಸಿ ತೊಳೆದು ತೋರಿಸಿ ಅನ್ನಿ. ಹೆಸರಘಟ್ಟದಲ್ಲಿ ಮೇಳ ನಡೆದಾಗ ಅರ್ಕಾ ಸೂರಜ್‌ನ ಗುಣ ಇಟ್ಟುಕೊಂಡು ತುದಿ ದುಂಡಗಿರುವ ಕ್ಯಾರೆಟ್ ಯಾವಾಗ ಕೊಡುತ್ತೀರಿ ಅಂತ ಕೇಳಿ. ಬೆಳೆಗಾರ ಕೇಳಿದ್ದಕ್ಕೇ ಯೋಜನೆಗೆ ದುಡ್ಡು ಬರುವುದು, ಕೇಳದಿದ್ದದ್ದು ಕಡತದಲ್ಲೇ ಉಳಿಯುತ್ತದೆ.

ಅಲ್ಲಿಯ ತನಕ ಕಾಯುತ್ತಾ ಕೂರುವುದೂ ಬೇಡ. ನಿಮ್ಮ ಹೊಲದಲ್ಲಿ ಹುಳು ಅತಿ ಹೆಚ್ಚಿರುವ ಮೂಲೆ ಯಾವುದೋ ನಿಮಗೇ ಗೊತ್ತು. ಅಲ್ಲಿ ಎರಡು ಪಾತಿ ಅರ್ಕಾ ಸೂರಜ್ ಹಾಕಿ, ಔಷಧಿ ಕೊಡಬೇಡಿ. ಕೊಯ್ಲಿನಲ್ಲಿ ಒಂದೂ ಬಿಡದೆ ಎಬ್ಬಿಸಿ, ಗಡ್ಡೆಯೂ ನೆಟ್ಟಗಿದ್ದು ಎಳೆಬೇರೂ ಚೊಕ್ಕಟವಾಗಿರುವ ಗಿಡಗಳನ್ನು ಮಾತ್ರ ಬೇರೆ ಇಡಿ. ಚೆನ್ನಾಗಿ ತೊಳೆದು, ಗಡ್ಡೆಯ ಕೆಳತುದಿ ಸ್ವಲ್ಪ ಕತ್ತರಿಸಿ, ಸೊಪ್ಪು ನಾಲ್ಕು ಬೆರಳು ಉಳಿಸಿ, ಹುಳುವಿಲ್ಲದ ಜಾಗದಲ್ಲಿ ಮತ್ತೆ ನೆಡಿ. ಹೂ ಬಂದಾಗ ಒಂದು ಕಿಲೋಮೀಟರ್ ಸುತ್ತ ಬೇರೆ ಕ್ಯಾರೆಟ್ ಹೂ ಇರಬಾರದು, ಜೇನು ಬೆರೆಸಿಬಿಡುತ್ತದೆ. ಅದರ ಬೀಜವನ್ನು ಮುಂದಿನ ಸಲ ಅದೇ ಕೆಟ್ಟ ಮೂಲೆಗೆ ಬಿತ್ತಿ, ಮತ್ತೆ ಆರಿಸಿ. ಮೊದಲ ಸಲ ಚೊಕ್ಕಟ ಕಂಡದ್ದರಲ್ಲಿ ಅದೃಷ್ಟದಿಂದ ತಪ್ಪಿಸಿಕೊಂಡವೇ ಹೆಚ್ಚಿರುತ್ತವೆ, ಮೂರ್ನಾಲ್ಕು ಸಲ ಆರಿಸಿದಾಗ ಅದೃಷ್ಟದವು ಜಾರಿ ನಿಜದವು ಉಳಿಯುತ್ತವೆ. ಬ್ರೆಜಿಲಿನ ರೈತರು ತಮಗೆ ಅರಿವಿಲ್ಲದೆಯೇ ಮಾಡಿದ್ದು ಇಷ್ಟನ್ನೇ. ಅರ್ಕಾ ಸೂರಜ್ ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. 2001ರ ತಳಿ ಸಂರಕ್ಷಣೆ ಕಾಯ್ದೆಯಲ್ಲಿ ರೈತ ತಾನೇ ರೂಪಿಸಿದ ತಳಿಯನ್ನು ತನ್ನ ಹೆಸರಿಗೆ ನೋಂದಾಯಿಸಲೂ ಅವಕಾಶವಿದೆ.

ಒಂದೊಂದು ಊರಿನಲ್ಲಿ ಇಬ್ಬರು ಮೂವರು ಮುಂದೆ ಬಂದರೆ ಸಾಕು. ಯಾರು ಯಾವ ಮೂಲೆಯಲ್ಲಿ ಎಷ್ಟು ಗಿಡ ಎಬ್ಬಿಸಿದಿರಿ, ಅದರಲ್ಲಿ ಚೊಕ್ಕಟ ಎಷ್ಟು ಅನ್ನುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕವಲೊಡೆದ ಕ್ಯಾರೆಟ್ ಹಿಡಿದು ಹೋಗುವ ಬದಲು ಆ ಪುಸ್ತಕ ಹಿಡಿದು ಹೋಗಿ. ಬೀಜ ಕಟ್ಟುವ ಕೆಲಸಕ್ಕೆ ಕೈಜೋಡಿಸುವವರು ಬೇಕಾದರೆ ಕರೆಯಿರಿ, ಕುರ್ಚಿಗೆ, ಬಕೆಟ್ಟು ನಾನೇ ತರುತ್ತೇನೆ.

ಇತಿ,
ನಿಮ್ಮ ಸೀಮೆಯವನೇ ಆದ ಒಬ್ಬ ನಿವೃತ್ತ ತೋಟಗಾರಿಕೆ ನೌಕರ